ಹೊಟ್ಟೆಯ ಕೊಬ್ಬಿಗೂ ಮರೆವಿಗೂ ಉಂಟೇ ನಂಟು?

ಉಡುಪಿ: ‘ಅರುವತ್ತಕ್ಕೆ ಅರಳುಮರಳು’ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಮನೆಯ ಹಿರಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದಾಗ, ಪೇಟೆಗೆ ಹೋದವರು ಪರಿಚಿತ ದಾರಿಯನ್ನೇ ತಪ್ಪಿದಾಗ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುವುದು ವಾಡಿಕೆ. ಆದರೆ ಇದು ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆಯ ಲಕ್ಷಣವಾಗಿರಬಹುದು. ಆಲ್‌ಝೈಮರ್ಸ್ ಅದರ ಅತಿ ಸಾಮಾನ್ಯ ರೂಪ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ವರ್ಷ ಮೀರಿದವರ ಪೈಕಿ ಶೇ. 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿ ಈ ಕಾಯಿಲೆಗೆ ತುತ್ತಾಗಿದ್ದಾರೆ. ಪುರುಷರಿಗಿಂತ ಮಹಿಳೆಯರಲ್ಲಿ ಇದರ ಪ್ರಮಾಣ ಹೆಚ್ಚು.

ಉಡುಪಿ ಜಿಲ್ಲೆಯ ಮಟ್ಟಿಗೆ ಈ ಮಾತು ಗಂಭೀರವಾದುದು. 2011ರ ಜನಗಣತಿಯಂತೆ ಇಲ್ಲಿ 1,000 ಪುರುಷರಿಗೆ 1,094 ಮಹಿಳೆಯರಿದ್ದರು. ಮಕ್ಕಳು ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿ, ತಾಯಿಯೊಬ್ಬರೇ ಉಳಿದಿರುವ ಮನೆಗಳು ಕಾಪುವಿನಿಂದ ಕಾರ್ಕಳದವರೆಗೂ ಕಾಣಸಿಗುತ್ತವೆ. ಮರೆವು ಆರಂಭವಾದರೆ ಅದನ್ನು ಗಮನಿಸುವವರೇ ಇರುವುದಿಲ್ಲ.

ಕೊಬ್ಬೂ ಒಂದು ಗ್ರಂಥಿ

ದೇಹದ ಕೊಬ್ಬು ಕೇವಲ ಶಕ್ತಿಯ ಉಗ್ರಾಣ ಎಂಬ ನಂಬಿಕೆ ಬಹುಕಾಲ ಇತ್ತು. 1994ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್‌ಮನ್ ತಂಡವು ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದ ಬಳಿಕ ಆ ನಂಬಿಕೆ ಸಡಿಲಗೊಂಡಿತು. ಲೆಪ್ಟಿನ್ ಕೊಬ್ಬಿನ ಕೋಶಗಳಿಂದ ಹೊರಟು ರಕ್ತದ ಮೂಲಕ ಮೆದುಳನ್ನು ತಲುಪಿ ‘ಹೊಟ್ಟೆ ತುಂಬಿತು’ ಎಂಬ ಸೂಚನೆ ನೀಡುತ್ತದೆ. ನೆನಪುಗಳು ರೂಪುಗೊಳ್ಳುವ ಹಿಪೊಕ್ಯಾಂಪಸ್ ಭಾಗದಲ್ಲಿಯೂ ಇದನ್ನು ಗ್ರಹಿಸುವ ವ್ಯವಸ್ಥೆಯಿದೆ. ಆಲ್‌ಝೈಮರ್ಸ್ ರೋಗಿಗಳ ಮೆದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್ ಎಂಬ ಪ್ರೋಟೀನನ್ನು ಲೆಪ್ಟಿನ್ ತಗ್ಗಿಸುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ.

ಹಾಗಾದರೆ ಬೊಜ್ಜು ಬಂದವರ ಮೆದುಳು ಹೆಚ್ಚು ಸುರಕ್ಷಿತವೇ ಎಂದು ಓದುಗರು ಕೇಳಬಹುದು. ಇಲ್ಲ. ಕೊಬ್ಬು ಮಿತಿಮೀರಿದಾಗ ರಕ್ತದಲ್ಲಿ ಲೆಪ್ಟಿನ್ ಯಥೇಚ್ಛವಾಗಿದ್ದರೂ ಮೆದುಳು ಅದಕ್ಕೆ ಸ್ಪಂದಿಸುವುದಿಲ್ಲ. ಮೈಕು ಜೋರಾದಷ್ಟೂ ಕಿವಿ ಮಂದವಾದಂತೆ. ಇನ್ಸುಲಿನ್‌ಗೆ ನೆರವಾಗುವ, ಉರಿಯೂತವನ್ನು ತಗ್ಗಿಸುವ ಅಡಿಪೊನೆಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಬೊಜ್ಜು ಹೆಚ್ಚಿದಂತೆ ಕಡಿಮೆಯಾಗುತ್ತದೆ. ಅದರ ಜಾಗದಲ್ಲಿ ಉರಿಯೂತ ಹೆಚ್ಚಿಸುವ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ.

ಗೊಂದಲದ ಫಲಿತಾಂಶಗಳು

ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 785 ಹಿರಿಯರನ್ನು ಗಮನಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಲೆಪ್ಟಿನ್ ಅತಿ ಕಡಿಮೆಯಿದ್ದ ಕಾಲುಭಾಗದವರಲ್ಲಿ 12 ವರ್ಷಗಳೊಳಗೆ ಆಲ್‌ಝೈಮರ್ಸ್ ಬರುವ ಅಪಾಯ ಶೇ. 25, ಅತಿ ಹೆಚ್ಚಿದ್ದ ಕಾಲುಭಾಗದವರಲ್ಲಿ ಶೇ. 6 ಮಾತ್ರ. ಅದೇ ಊರಿನ 840 ಮಂದಿಯ ಇನ್ನೊಂದು ಅಧ್ಯಯನ (2012) ಎಲ್ಲರನ್ನೂ ಅಚ್ಚರಿಗೊಳಿಸಿತು. ‘ಒಳ್ಳೆಯದು’ ಎನ್ನಲಾದ ಅಡಿಪೊನೆಕ್ಟಿನ್ ಹೆಚ್ಚಿದ್ದ ಮಹಿಳೆಯರಲ್ಲೇ ಮರೆಗುಳಿ ಕಾಯಿಲೆಯ ಅಪಾಯ ಹೆಚ್ಚಾಗಿತ್ತು! 2015ರಲ್ಲಿ ಬ್ರಿಟನ್ನಿನ ಸುಮಾರು 20 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದಾಗ, ತೀರಾ ತೆಳ್ಳಗಿದ್ದವರಲ್ಲಿ ಅಪಾಯ ಶೇ. 34ರಷ್ಟು ಅಧಿಕವೆಂದು ತಿಳಿದುಬಂತು.

ಈ ಒಗಟಿನ ಒಂದು ಎಳೆ ಬಿಡಿಸಿದ್ದು ಲಂಡನ್ನಿನ ಸರಕಾರಿ ನೌಕರರ ಅಧ್ಯಯನ. 10 ಸಾವಿರಕ್ಕೂ ಅಧಿಕ ಮಂದಿಯನ್ನು 28 ವರ್ಷ ಹಿಂಬಾಲಿಸಿದ ಅದರ 2018ರ ವರದಿಯ ಪ್ರಕಾರ, 50ರ ವಯಸ್ಸಿನಲ್ಲಿ ಬೊಜ್ಜಿದ್ದವರಿಗೆ ಅಪಾಯ ಹೆಚ್ಚು. ಆದರೆ ಕಾಯಿಲೆ ಪತ್ತೆಯಾಗುವ ಸುಮಾರು 8 ವರ್ಷ ಮೊದಲೇ ಅವರ ತೂಕ ಇಳಿಯತೊಡಗುತ್ತದೆ. ಅಂದರೆ ಮುಪ್ಪಿನಲ್ಲಿ ಕಾಣುವ ತೆಳ್ಳಗಿನ ಮೈ ಮತ್ತು ಕಡಿಮೆ ಲೆಪ್ಟಿನ್, ಕಾಯಿಲೆಗೆ ಕಾರಣವಾಗಿರದೆ ಅದರ ಮುನ್ಸೂಚನೆಯೇ ಆಗಿರಬಹುದು. ಈ ಹಾರ್ಮೋನುಗಳೇ ಮರೆವಿಗೆ ಕಾರಣವೆಂದು ಇನ್ನೂ ಸಾಬೀತಾಗಿಲ್ಲ. ಹಾಗಾಗಿ ದುಡ್ಡು ತೆತ್ತು ಲೆಪ್ಟಿನ್ ಪರೀಕ್ಷೆ ಮಾಡಿಸುವುದರಿಂದ ಸದ್ಯಕ್ಕೆ ಪ್ರಯೋಜನವಿಲ್ಲ.

ಅಳತೆ ಪಟ್ಟಿ ಸಾಕು

ಪ್ರಯೋಜನಕ್ಕೆ ಬರುವುದು ದರ್ಜಿಯ ಅಳತೆ ಪಟ್ಟಿ. ಕ್ಯಾಲಿಫೋರ್ನಿಯಾದ 6,583 ಮಂದಿಯ ಅಧ್ಯಯನದಲ್ಲಿ (2008) 40ರ ಆಸುಪಾಸಿನಲ್ಲಿ ಹೊಟ್ಟೆ ಅತಿ ದಪ್ಪವಿದ್ದವರಿಗೆ ಮೂರು ದಶಕಗಳ ಬಳಿಕ ಮರೆಗುಳಿ ಕಾಯಿಲೆಯ ಅಪಾಯ ಸುಮಾರು ಮೂರು ಪಟ್ಟು ಇತ್ತು. ತೂಕ ಸರಿಯಾಗಿದ್ದು ಹೊಟ್ಟೆ ಮಾತ್ರ ಬಂದವರೂ ಇದಕ್ಕೆ ಹೊರತಾಗಿರಲಿಲ್ಲ. ಕೈಕಾಲು ಸಪೂರ, ಹೊಟ್ಟೆ ಮಾತ್ರ ಮುಂದೆ ಎಂಬ ಮೈಕಟ್ಟು ಭಾರತೀಯರಲ್ಲಿ ಸಾಮಾನ್ಯ. ಆದ್ದರಿಂದ ನಮ್ಮವರಿಗೆ ಸೊಂಟದ ಸುತ್ತಳತೆಯ ಮಿತಿ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಮುಂಡು, ಸೀರೆಗಳು ಎಷ್ಟು ಹೊಟ್ಟೆಗೂ ಹೊಂದಿಕೊಳ್ಳುವುದರಿಂದ ಇದು ಗಮನಕ್ಕೆ ಬರುವುದೇ ಇಲ್ಲ. ಮಣಿಪಾಲದಲ್ಲಿ ಕಂಪ್ಯೂಟರ್ ಮುಂದೆ ಕೂರುವವರಿಗೂ ಕಾರ್ಕಳದಲ್ಲಿ ದಿನವಿಡೀ ಬೀಡಿ ಕಟ್ಟುವ ಮಹಿಳೆಯರಿಗೂ ಕುಳಿತ ಕೆಲಸದ ತೊಂದರೆ ಒಂದೇ.

ನಲುವತ್ತರಲ್ಲಿ ಇಳಿಸಬೇಕಾದ ತೂಕವನ್ನು ಎಪ್ಪತ್ತರಲ್ಲಿ ಇಳಿಸಹೊರಡುವುದು ಸಲ್ಲದು. ‘ಅಮ್ಮ ಸಪೂರ ಆಗಿದ್ದಾರೆ, ಒಳ್ಳೆಯದೇ ಆಯಿತು’ ಎಂದು ರಜೆಗೆ ಬಂದ ಮಕ್ಕಳು ಸಂತೋಷಪಡುವ ಮುನ್ನ ಯೋಚಿಸಬೇಕು. ವೃದ್ಧರ ತೂಕ ಕಾರಣವಿಲ್ಲದೆ ಇಳಿಯುತ್ತಿದ್ದು, ಜತೆಗೆ ಮರೆವೂ ಇದ್ದರೆ ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯಿದೆ. ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಅಥವಾ ಕಾರ್ಕಳದ ತಾಲೂಕು ಆಸ್ಪತ್ರೆಯಲ್ಲಿ ಮೊದಲ ತಪಾಸಣೆ ಮಾಡಿಸಬಹುದು. ನರರೋಗ ತಜ್ಞರ ಸಲಹೆ ಬೇಕಾದಲ್ಲಿ ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಿದೆ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ 14567.