ಗುಟ್ಟಿನ ಕಸುಬಿನಿಂದ ತೆರೆದ ಕಡತದವರೆಗೆ: ಖಾಸಗಿ ಚಿತ್ರ ಸಂರಕ್ಷಣೆಯ ಚರಿತ್ರೆ

ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಹಳೆಯ ವರ್ಣಚಿತ್ರಗಳನ್ನು ದುರಸ್ತಿ ಮಾಡುತ್ತಿದ್ದವರು ಬಹುಮಟ್ಟಿಗೆ ಸ್ವಂತ ಕಾರ್ಯಾಗಾರವಿಟ್ಟುಕೊಂಡ ಕಸುಬುದಾರರು. ಅರಮನೆ, ಚರ್ಚು, ಸಿರಿವಂತರ ಮನೆ, ಚಿತ್ರ ವ್ಯಾಪಾರಿಗಳ ಅಂಗಡಿ ಇವೇ ಅವರಿಗೆ ಕೆಲಸ ಕೊಡುವ ಠಾವುಗಳಾಗಿದ್ದು, ದುರಸ್ತಿಗಾರನೊಬ್ಬನ ಹೆಸರು ಉಳಿಯುವುದೂ ಅಳಿಯುವುದೂ ಅವನಿಗೆ ಮಾತ್ರ ಗೊತ್ತಿದ್ದ ಅಂಟು, ದ್ರಾವಣ, ವಾರ್ನಿಷ್‌ಗಳ ಪಾಕವನ್ನು ಅವಲಂಬಿಸಿತ್ತು. ಆ ಪಾಕವನ್ನು ಇನ್ನೊಬ್ಬನಿಗೆ ಹೇಳಿಕೊಡುವುದೆಂದರೆ ತನ್ನ ಅನ್ನವನ್ನು ಬಿಟ್ಟುಕೊಟ್ಟಂತೆ ಎಂಬ ಭಾವನೆ ಬಲವಾಗಿದ್ದುದರಿಂದ, ಒಂದೇ ಊರಿನ ದುರಸ್ತಿಗಾರರು ಸಹ ಒಬ್ಬರ ಕೆಲಸವನ್ನು ಇನ್ನೊಬ್ಬರಿಗೆ ತೋರಿಸಲು ಹಿಂಜರಿಯುತ್ತಿದ್ದರು. ಖಾಸಗಿ ಸಂರಕ್ಷಣಾ ವೃತ್ತಿಯ ಮುಂದಿನ ಎರಡು ಶತಮಾನಗಳ ಕಥೆ, ಬಹುಪಾಲು, ಈ ಹಿಂಜರಿಕೆ ಕರಗಿದ ಕಥೆ.

ಗುಟ್ಟಿನ ಬಲ ಎಷ್ಟಿತ್ತೆಂಬುದನ್ನು ಪ್ಯಾರಿಸಿನ ರಾಬೆರ್ ಪಿಕೋನ ಉದಾಹರಣೆ ತೋರಿಸುತ್ತದೆ. ಆಂದ್ರೆಯಾ ದೆಲ್ ಸಾರ್ತೋ 1518ರಲ್ಲಿ ಫ್ರಾನ್ಸಿನ ದೊರೆ ಒಂದನೆಯ ಫ್ರಾಂಸ್ವಾನಿಗಾಗಿ ಮರದ ಹಲಗೆಯ ಮೇಲೆ ಬರೆದಿದ್ದ ‘ಚಾರಿಟಿ’ ಎಂಬ ಚಿತ್ರದ ಬಣ್ಣದ ಪದರವನ್ನು ಪಿಕೋ ಹಲಗೆಯಿಂದ ಬಿಡಿಸಿ ಕ್ಯಾನ್ವಾಸಿನ ಮೇಲೆ ಕೂರಿಸಿದ. ವರ್ಗಾವಣೆ ಎಂದು ಕರೆಯಲಾಗುವ ಈ ಕ್ರಿಯೆಯ ಫಲವನ್ನು 1750ರಲ್ಲಿ ಲಕ್ಸಂಬರ್ಗ್ ಅರಮನೆಯಲ್ಲಿ ಜನರ ನೋಟಕ್ಕೆ ಇಟ್ಟಾಗ ಪಕ್ಕದಲ್ಲಿಯೇ ಬರಿದಾದ ಹಳೆಯ ಹಲಗೆಯನ್ನೂ ಇಡಲಾಗಿತ್ತು, ನೋಡಿದವರು ಬೆರಗಾದರು. ಆದರೆ ಬಣ್ಣ ಹಲಗೆಯನ್ನು ಬಿಟ್ಟದ್ದು ಹೇಗೆಂಬುದನ್ನು ಪಿಕೋ ಯಾರಿಗೂ ಹೇಳಲಿಲ್ಲ, ಆ ಮೌನಕ್ಕೆ ತಕ್ಕಂತೆ ದೊಡ್ಡ ಶುಲ್ಕವನ್ನೂ ಪಡೆದ. ಅದೇ ಬಗೆಯ ಕೆಲಸವನ್ನು ಕಡಿಮೆ ಹಣಕ್ಕೆ ಮಾಡಿಕೊಡುವ ಗೊಡೆಫ್ರ್ವಾ ಎಂಬ ವಿಧವೆಯೂ ಜಾನ್ ಲೂಯಿ ಹಾಕೆಂ ಎಂಬಾತನೂ ಮುಂದೆ ಬಂದ ಮೇಲೆ ಪಿಕೋನ ಬೇಡಿಕೆ ಕುಗ್ಗಿತು. ಆತ ಅನುಸರಿಸಿದ ವಿಧಾನದಿಂದ ಬಣ್ಣಕ್ಕೆ ಏನಾಗಬಹುದಿತ್ತೆಂದು ತೂಗಿ ನೋಡುವ ಅವಕಾಶ ಮಾತ್ರ ಅವನ ಸಮಕಾಲೀನರಿಗೆ ಸಿಗಲೇ ಇಲ್ಲ. ಗುಟ್ಟಿನ ನಿಜವಾದ ಕೇಡು ಇದ್ದದ್ದು ಶುಲ್ಕದಲ್ಲಲ್ಲ, ಇಲ್ಲಿ.

ವೆನಿಸ್ ಗಣರಾಜ್ಯ ಬೇರೆಯ ದಾರಿ ಹಿಡಿಯಿತು. 1778ರಲ್ಲಿ ಅಲ್ಲಿನ ಸಾರ್ವಜನಿಕ ಚಿತ್ರಗಳ ದುರಸ್ತಿಯ ಹೊಣೆ ಹೊತ್ತ ಪಿಯೆತ್ರೊ ಎಡ್ವರ್ಡ್ಸ್, ಸಾಂತಿ ಜೊವಾನಿ ಎ ಪಾವೊಲೊ ಮಠದ ಊಟದ ಸಾಲೆಯನ್ನು ಕಾರ್ಯಾಗಾರವಾಗಿಸಿಕೊಂಡು, ತನ್ನ ಕೆಳಗೆ ದುಡಿಯುವವರಿಗೆ ಬರಹರೂಪದ ಕಟ್ಟುಪಾಡುಗಳನ್ನು ವಿಧಿಸಿದ. ಮೂಲ ಬಣ್ಣ ಉಳಿದಿರುವಲ್ಲಿ ಕುಂಚ ಆಡಿಸಬಾರದು, ಮುಂದೆ ತೆಗೆಯಲಾಗದ ಯಾವ ವಸ್ತುವನ್ನೂ ಬಳಸಬಾರದು ಎಂಬಂಥ ಆ ನಿಯಮಗಳಲ್ಲಿ ಇಂದಿನ ಸಂರಕ್ಷಣಾ ನೀತಿಯ ಬೀಜವಿದೆ. ಆದರೂ ಅದು ಸರ್ಕಾರ ಕಸುಬುದಾರರ ಮೇಲೆ ಹೇರಿದ ಶಿಸ್ತೇ ಹೊರತು, ಕಸುಬುದಾರರು ತಮಗೆ ತಾವೇ ಕಟ್ಟಿಕೊಂಡ ಶಿಸ್ತಾಗಿರಲಿಲ್ಲ.

ನಡುವೆ ಒಂದು ಅಪರೂಪದ ಘಟನೆ ನಡೆಯಿತು. ಫ್ರೆಂಚ್ ಸೇನೆ ಇಟಲಿಯಿಂದ ಕೊಂಡೊಯ್ದಿದ್ದ ಚಿತ್ರಗಳಲ್ಲಿ ಒಂದಾದ ರಾಫೆಲನ ‘ಫೊಲಿನ್ಯೊದ ಮಡೋನಾ’ ಪ್ಯಾರಿಸನ್ನು ಸೇರುವ ಹೊತ್ತಿಗೆ ಅದರ ಹಲಗೆ ಬಾಗಿ ಬಿರಿದಿತ್ತು, ಬಣ್ಣ ಚಕ್ಕೆಯೇಳುತ್ತಿತ್ತು. ಜಾನ್ ಲೂಯಿಯ ಮಗ ಫ್ರಾಂಸ್ವಾ ತೂಸೆಂ ಹಾಕೆಂ 1800–01ರಲ್ಲಿ ಇದರ ವರ್ಗಾವಣೆ ಮಾಡಿದಾಗ, ಗೀತೋಂ ದ ಮೊರ್ವೊ ಮತ್ತು ಬೆರ್ತೊಲೆ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರೂ ವ್ಯಾಂಸಾಂ ಮತ್ತು ತೊನೆ ಎಂಬ ಇಬ್ಬರು ಚಿತ್ರಕಾರರೂ ಇದ್ದ ಸಮಿತಿಯೊಂದು ಕೆಲಸದ ಮೇಲೆ ಕಣ್ಣಿಟ್ಟಿತ್ತು. ಹಲಗೆಯ ಬೆನ್ನಿನಲ್ಲಿ ಸಣ್ಣ ತೋಡುಗಳನ್ನು ಕೊರೆದು ಅವುಗಳಲ್ಲಿ ಬೆಣೆಗಳನ್ನಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ, ಬೆಣೆಗಳು ನೀರು ಕುಡಿದು ಉಬ್ಬಿದಂತೆಲ್ಲ ಬಾಗಿದ ಮರವನ್ನು ಮೆಲ್ಲನೆ ನೇರಗೊಳಿಸಲಾಯಿತು. ಬಣ್ಣದ ಮುಖವನ್ನು ಅಂಟಿಸಿದ ಹೊದಿಕೆಗಳಿಂದ ಭದ್ರಪಡಿಸಿದ ನಂತರ ಹಿಂದಿನಿಂದ ಮರವನ್ನು ಕೊಯ್ದು, ಕೀಸುಳಿಯಿಂದ ಕೀಸಿ, ಬಣ್ಣದ ಬೆನ್ನು ಕಾಣುವವರೆಗೆ ತೆಗೆದು, ಹೊಸ ಕ್ಯಾನ್ವಾಸಿಗೆ ಅಂಟಿಸಲಾಯಿತು. ಹಂತಹಂತವಾಗಿ ಇದನ್ನೆಲ್ಲ ವಿವರಿಸುವ ವರದಿ 1802ರಲ್ಲಿ ಅಚ್ಚಾಯಿತು. ವರ್ಗಾವಣೆಯನ್ನು ಇಂದಿನ ಸಂರಕ್ಷಕರು ತೀರಾ ಅನಿವಾರ್ಯವಾದರಷ್ಟೇ ಕೈಗೆತ್ತಿಕೊಳ್ಳುವರು. ಹಾಗಿದ್ದರೂ ಆ ವರದಿಯ ಬೆಲೆ ಕಡಿಮೆಯಾಗುವುದಿಲ್ಲ, ಏಕೆಂದರೆ ಪಿಕೋನ ಕೆಲಸವನ್ನು ಬರೀ ಊಹಿಸಬೇಕು, ಹಾಕೆಂನ ಕೆಲಸವನ್ನು ಓದಿ ಒಪ್ಪಬಹುದು ಅಥವಾ ಅಲ್ಲಗಳೆಯಬಹುದು.

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಇಂಥ ದಾಖಲೆಯ ಕೊರತೆ ಎಷ್ಟು ದುಬಾರಿಯಾಯಿತೆಂಬುದು ತಿಳಿದ ವಿಷಯ. ನ್ಯಾಷನಲ್ ಗ್ಯಾಲರಿಯಲ್ಲಿ ಆಗ ಸಂಬಳದ ಸಂರಕ್ಷಕರಿರಲಿಲ್ಲ, ಹೊರಗಿನ ಖಾಸಗಿ ದುರಸ್ತಿಗಾರರನ್ನು ಕರೆಸಿ ಕೆಲಸ ಮಾಡಿಸಲಾಗುತ್ತಿತ್ತು. 1846ರಲ್ಲಿ ಚಿತ್ರಗಳನ್ನು ಶುಚಿಗೊಳಿಸಿದ್ದರ ವಿರುದ್ಧ ಪತ್ರಿಕೆಗಳಲ್ಲಿ ಎದ್ದ ಗದ್ದಲ 1853ರಲ್ಲಿ ಪಾರ್ಲಿಮೆಂಟಿನ ವಿಚಾರಣಾ ಸಮಿತಿಯವರೆಗೆ ಹೋಯಿತು. ಶುಚಿಗೊಳಿಸುವ ಮುನ್ನ ಚಿತ್ರ ಹೇಗಿತ್ತೆಂದು ತೋರಿಸುವ ಛಾಯಾಚಿತ್ರಗಳಿಲ್ಲದ ಆ ಕಾಲದಲ್ಲಿ ವಾದವೆಲ್ಲ ನೆನಪಿನ ಮೇಲೆ ನಡೆಯಿತು, ಮತ್ತು ದುರಸ್ತಿಗಾರನ ಪರವಾಗಿ ಇದು ಸರಿಯೆಂದೋ ವಿರೋಧವಾಗಿ ಇದು ತಪ್ಪೆಂದೋ ಅಧಿಕಾರದಿಂದ ಹೇಳಬಲ್ಲ ವೃತ್ತಿಬಾಂಧವರ ಸಂಸ್ಥೆಯೇ ಇರಲಿಲ್ಲ. ಬ್ರಿಟಿಷ್ ಚಿತ್ರ ದುರಸ್ತಿಗಾರರ ಸಂಘ ಹುಟ್ಟಿದ್ದು 1943ರಷ್ಟು ತಡವಾಗಿ, ಎರಡನೆಯ ಮಹಾಯುದ್ಧದ ನಡುವೆ. ನ್ಯಾಷನಲ್ ಗ್ಯಾಲರಿ ತನ್ನದೇ ಸಂರಕ್ಷಣಾ ವಿಭಾಗವನ್ನು ತೆರೆದದ್ದು 1946ರಲ್ಲಿ.

ಅಷ್ಟರಲ್ಲಿ ವಸ್ತುಸಂಗ್ರಹಾಲಯಗಳ ಪ್ರಯೋಗಾಲಯಗಳು ಮುಂದೆ ಸಾಗಿದ್ದವು. ಹಾರ್ವರ್ಡಿನ ಫಾಗ್ ಕಲಾಸಂಗ್ರಹಾಲಯದಲ್ಲಿ ಜಾರ್ಜ್ ಸ್ಟೌಟ್ ಮತ್ತು ರಸಾಯನಶಾಸ್ತ್ರಜ್ಞ ರದರ್‌ಫರ್ಡ್ ಗೆಟೆನ್ಸ್ ಜೊತೆಗೂಡಿ ದುಡಿದರು, 1930ರಲ್ಲಿ ರೋಮ್‌ನಲ್ಲಿ ವಿವಿಧ ದೇಶಗಳ ತಜ್ಞರು ಸಭೆ ಸೇರಿದರು, 1950ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ಸ್ಥಾಪನೆಯಾಗಿ ಸ್ಟೌಟ್ ಅದರ ಮೊದಲ ಅಧ್ಯಕ್ಷರಾದರು. ಆ ಸಂಸ್ಥೆಯ ಅಮೆರಿಕನ್ ಬಳಗವು ಮೆಟ್ರೊಪಾಲಿಟನ್ ಸಂಗ್ರಹಾಲಯದ ಮರ‍್ರೆ ಪೀಸ್ ಅವರ ನೇತೃತ್ವದಲ್ಲಿ ಸಿದ್ಧಪಡಿಸಿ 1963ರಲ್ಲಿ ಅಂಗೀಕರಿಸಿದ ವರದಿಯೇ ಖಾಸಗಿ ವೃತ್ತಿಯ ದೃಷ್ಟಿಯಿಂದ ಅತಿ ಮುಖ್ಯವಾದ ತಿರುವು. ಸಂಸ್ಥೆಗಳಲ್ಲಿ ದುಡಿಯುವವರಿಗೆ ಒಂದು ಭಾಗ, ಖಾಸಗಿಯಾಗಿ ವೃತ್ತಿ ನಡೆಸುವವರಿಗೆ ಇನ್ನೊಂದು ಭಾಗ ಎಂದು ಅದು ಪ್ರತ್ಯೇಕವಾಗಿ ನಡಾವಳಿ ರೂಪಿಸಿತು. ಅದರಿಂದ ಬೆಳೆದುಬಂದ ರೂಢಿಯಂತೆ ಚಿತ್ರ ಕಾರ್ಯಾಗಾರಕ್ಕೆ ಬಂದೊಡನೆ ಅದರ ಸ್ಥಿತಿಯ ಲಿಖಿತ ವರದಿ, ಮಾಡಬೇಕಾದ ಉಪಚಾರದ ಪ್ರಸ್ತಾಪ, ತಗಲುವ ವೆಚ್ಚದ ಅಂದಾಜು, ಮಾಲೀಕನ ಲಿಖಿತ ಒಪ್ಪಿಗೆ, ಕೊನೆಗೆ ನಿಜವಾಗಿ ಮಾಡಿದ ಕೆಲಸದ ವಿವರ ಇವೆಲ್ಲ ಕಡತ ಸೇರಬೇಕು. 1967ರಲ್ಲಿ ಒಪ್ಪಿಗೆ ಪಡೆದ ನೀತಿಸಂಹಿತೆ ಇನ್ನೂ ಒಂದು ಸೂಕ್ಷ್ಮವನ್ನು ಮುಟ್ಟಿತು: ಎಲ್ಲರ ಹಿತಕ್ಕೆ ಅಗತ್ಯವಾದ ಹೊರತು ಮತ್ತೊಬ್ಬ ಸಂರಕ್ಷಕನ ಅರ್ಹತೆಯನ್ನೋ ಕೆಲಸವನ್ನೋ ತಾನಾಗಿ ಹಳಿಯುವುದು ತಪ್ಪು, ಶುಲ್ಕವನ್ನು ಹಂಚಿಕೊಳ್ಳುವುದು ಸೇವೆಯನ್ನೋ ಹೊಣೆಯನ್ನೋ ನಿಜವಾಗಿ ಹಂಚಿಕೊಂಡಿದ್ದಲ್ಲಿ ಮಾತ್ರ ಸರಿ. ಗಿರಾಕಿಯನ್ನು ಸೆಳೆಯಲು ನೆರೆಯ ಕಾರ್ಯಾಗಾರದ ಹೆಸರು ಕೆಡಿಸುವ ಹಳೆಯ ಚಾಳಿಗೆ ಇದರಿಂದ ಕಡಿವಾಣ ಬಿತ್ತು.

ವೃತ್ತಿಬಾಂಧವರ ಮಾತು ಎಷ್ಟು ಆಳಕ್ಕೆ ಹೋಗಬಲ್ಲದೆಂಬುದಕ್ಕೆ 1974ರ ಗ್ರೀನಿಚ್ ಸಮ್ಮೇಳನ ಸಾಕ್ಷಿ. ಹಳೆಯ ಕ್ಯಾನ್ವಾಸು ಶಿಥಿಲವಾದಾಗ ಅದರ ಬೆನ್ನಿಗೆ ಹೊಸ ಕ್ಯಾನ್ವಾಸನ್ನು ಹಿಟ್ಟಿನ ಅಂಟಿನಿಂದಲೋ ಮೇಣ ಮತ್ತು ರಾಳದ ಮಿಶ್ರಣದಿಂದಲೋ ಹಚ್ಚುವುದಕ್ಕೆ ಲೈನಿಂಗ್ ಎನ್ನುತ್ತಾರೆ. ಹಲವು ಖಾಸಗಿ ಕಾರ್ಯಾಗಾರಗಳಿಗೆ ಆಗ ಇದು ವರ್ಷವಿಡೀ ಬರುವ ಕೆಲಸವಾಗಿತ್ತು, ಲಂಡನ್ನಿನ ಮಾರಿಲ್ ಮನೆತನದಂಥವರಿಗಂತೂ ಕುಲಕಸುಬಾಗಿತ್ತು. ಲೈನಿಂಗ್‌ನ ಬಿಸಿ ಮತ್ತು ಒತ್ತಡದಿಂದ ಕುಂಚದ ದಪ್ಪ ಗೆರೆಗಳು ಚಪ್ಪಟೆಯಾಗುತ್ತವೆ, ಮೇಣ ಹೀರಿದ ಚಿತ್ರ ಕಪ್ಪಿಡುತ್ತದೆ, ಕಾಲಕ್ರಮದಲ್ಲಿ ಅಂಟು ಸೋತಾಗ ಹಳೆಯ ಬೆನ್ನುಬಟ್ಟೆಯನ್ನು ಕಿತ್ತು ಮತ್ತೆ ಹೊಸದನ್ನು ಹಚ್ಚಬೇಕಾಗುತ್ತದೆ, ಪ್ರತಿ ಸುತ್ತಿನಲ್ಲೂ ಚಿತ್ರ ಏನನ್ನಾದರೂ ಕಳೆದುಕೊಳ್ಳುತ್ತದೆ. ನ್ಯಾಷನಲ್ ಮ್ಯಾರಿಟೈಮ್ ಸಂಗ್ರಹಾಲಯದ ವೆಸ್ಟ್‌ಬಿ ಪರ್ಸಿವಲ್ ಪ್ರೆಸ್ಕಾಟ್ ಈ ಸುತ್ತನ್ನು ಸಭೆಯ ಮುಂದಿಟ್ಟು, ಲೈನಿಂಗನ್ನು ಸದ್ಯಕ್ಕೆ ನಿಲ್ಲಿಸಬೇಕೆಂದು ಕೇಳಿಕೊಂಡರು. ಸಂಬಳದವರಿಗೆ ಈ ಕೋರಿಕೆ ತಾಂತ್ರಿಕ ಪ್ರಶ್ನೆಯಾಗಿತ್ತು. ಸ್ವಂತ ಕಾರ್ಯಾಗಾರದವರಿಗೆ ಅದು ವರಮಾನದ ಪ್ರಶ್ನೆಯೂ ಆಗಿತ್ತು. ಹಾಗಿದ್ದೂ ಮುಂದಿನ ದಶಕಗಳಲ್ಲಿ ಇಡೀ ಕ್ಯಾನ್ವಾಸಿಗೆ ಬೆನ್ನುಬಟ್ಟೆ ಹಚ್ಚುವ ಬದಲು ಹರಿದ ಜಾಗದ ನೂಲುಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಜೋಡಿಸುವ, ಅಂಚಿಗೆ ಮಾತ್ರ ಪಟ್ಟಿ ಹಚ್ಚುವ ವಿಧಾನಗಳು ಹರಡಿದವು. ಲಾಭ ತರುವ ಕೆಲಸವೊಂದನ್ನು ಚಿತ್ರದ ಹಿತಕ್ಕಾಗಿ ತಾವೇ ಕಡಿಮೆ ಮಾಡಿಕೊಂಡ ಈ ನಡೆ ವೃತ್ತಿಯ ಚರಿತ್ರೆಯಲ್ಲಿ ಗೌರವದಿಂದ ನೆನೆಯಬೇಕಾದದ್ದು.

ಹಣಕಾಸಿನ ಮಾತು ಬಹುಕಾಲ ಹಿಂದೆಯೇ ಉಳಿದಿತ್ತು. ಖಾಸಗಿ ಸಂರಕ್ಷಕ ಸೂಕ್ಷ್ಮದರ್ಶಕ, ದ್ರಾವಕದ ಆವಿಯನ್ನು ಹೊರಹಾಕುವ ಯಂತ್ರ, ಕಾರ್ಯಾಗಾರದಲ್ಲಿರುವ ಪರರ ಸ್ವತ್ತಿಗೆ ವಿಮೆ, ಬೆಂಕಿ ಮತ್ತು ಕಳವಿನಿಂದ ರಕ್ಷಣೆ ಇವೆಲ್ಲಕ್ಕೂ ತನ್ನ ಕೈಯಿಂದಲೇ ಹಣ ಹಾಕಬೇಕು, ವರದಿ ಬರೆಯುವ ಗಂಟೆಗಳನ್ನೂ ಲೆಕ್ಕಕ್ಕೆ ತರಬೇಕು. 1963ರ ವರದಿ ಕೊಟ್ಟ ಅಮೆರಿಕನ್ ಬಳಗ 1972ರಲ್ಲಿ ಅಮೆರಿಕನ್ ಸಂರಕ್ಷಣಾ ಸಂಸ್ಥೆ ಎಂಬ ಸ್ವತಂತ್ರ ಸಂಸ್ಥೆಯಾಗಿ, 1980ರ ದಶಕದಲ್ಲಿ ಅದರೊಳಗೆ ಖಾಸಗಿ ಸಂರಕ್ಷಕರ ಬಳಗ ರೂಪುಗೊಂಡ ನಂತರ ಕರಾರುಪತ್ರ, ವಿಮೆ, ಅಂದಾಜು, ಬಾಕಿ ವಸೂಲಿ ಇವು ಬಹಿರಂಗವಾಗಿ ಚರ್ಚಿಸುವ ವಿಷಯಗಳಾದವು. ಪೈಪೋಟಿಗಾರರು ಸೇರಿ ದರ ನಿಗದಿಪಡಿಸುವುದನ್ನು ಅಲ್ಲಿನ 1890ರ ಶರ್ಮನ್ ಕಾಯ್ದೆ ನಿಷೇಧಿಸುವುದರಿಂದ, ಇಷ್ಟು ತೆಗೆದುಕೊಳ್ಳಿ ಎಂದು ಒಬ್ಬರಿಗೊಬ್ಬರು ಹೇಳುವಂತಿರಲಿಲ್ಲ. ಕಾರ್ಯಾಗಾರದ ಸ್ಥಿರ ಖರ್ಚನ್ನು ಗಂಟೆಯ ಶುಲ್ಕಕ್ಕೆ ಹಂಚುವುದು ಹೇಗೆಂಬ ಲೆಕ್ಕವನ್ನು ಕಲಿಸಿಕೊಡಲು ಮಾತ್ರ ಅಡ್ಡಿಯಿರಲಿಲ್ಲ. ಬ್ರಿಟನ್ನಿನಲ್ಲಿ 1990ರ ದಶಕದ ಕೊನೆಯ ಹೊತ್ತಿಗೆ ರೂಪುಗೊಂಡ ಮಾನ್ಯತಾ ಪದ್ಧತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದೇ ವೃತ್ತಿಯ ಅನುಭವಿಗಳನ್ನೇ ಅಭ್ಯರ್ಥಿಯ ಕಾರ್ಯಾಗಾರಕ್ಕೆ ಕಳಿಸಿ, ಮುಗಿಸಿದ ಕೆಲಸ, ಕಡತ, ಕೈಗೊಂಡ ತೀರ್ಮಾನದ ಹಿಂದಿನ ಕಾರಣ ಇವನ್ನೆಲ್ಲ ಪರಿಶೀಲಿಸುವ ಏರ್ಪಾಡು ಮಾಡಿತು.

ಇನ್ನೂ ಬಿಗಿಯಾಗದ ಒಂದು ಕೊಂಡಿಯಿದೆ. ಸಂಗ್ರಹಾಲಯದ ಕಡತಗಳು ಸಂಸ್ಥೆಯಲ್ಲಿಯೇ ಉಳಿಯುತ್ತವೆ, ಖಾಸಗಿ ಕಾರ್ಯಾಗಾರ ಮುಚ್ಚಿದಾಗ ಅಲ್ಲಿನ ವರದಿ, ಛಾಯಾಚಿತ್ರ, ಲೆಕ್ಕದ ಪುಸ್ತಕಗಳು ಎಲ್ಲಿಗೆ ಹೋಗಬೇಕೆಂಬುದು ವಾರಸುದಾರರ ಮರ್ಜಿಗೆ ಬಿಟ್ಟ ವಿಷಯವಾಗುತ್ತದೆ. 1974ರಲ್ಲಿ ಗೆಟೆನ್ಸ್ ಈ ವೃತ್ತಿಯ ಚರಿತ್ರೆಯನ್ನು ಕಲೆಹಾಕಬೇಕೆಂದು ಕರೆಕೊಟ್ಟದ್ದರ ಫಲವಾಗಿ ಮರುವರ್ಷದಿಂದ ಹಿರಿಯ ಸಂರಕ್ಷಕರ ಸಂದರ್ಶನಗಳನ್ನು ದಾಖಲಿಸಲಾಗುತ್ತಿದ್ದು, ಆ ದಾಖಲೆಗಳನ್ನು ಡೆಲವೇರ್‌ನ ವಿಂಟರ್‌ತೂರ್ ಸಂಗ್ರಹಾಲಯದಲ್ಲಿ ಇಡಲಾಗಿದೆ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ 1600ರಿಂದ 1950ರವರೆಗಿನ ಬ್ರಿಟಿಷ್ ದುರಸ್ತಿಗಾರರ ವಿವರಕೋಶವೊಂದನ್ನು ಸಿದ್ಧಪಡಿಸಿದೆ. ಯಾವ ಚಿತ್ರವನ್ನು ಯಾರು, ಎಂದು ಶುಚಿಗೊಳಿಸಿದರೆಂಬ ಈ ಬಗೆಯ ಮಾಹಿತಿ, ಅದೇ ಚಿತ್ರವನ್ನು ಇಂದು ಮೇಜಿನ ಮೇಲೆ ಮಲಗಿಸಿಕೊಂಡ ಸಂರಕ್ಷಕನಿಗೆ ಯಾವ ದ್ರಾವಕ ಬಳಸಬಾರದೆಂಬುದನ್ನು ತಿಳಿಸಿಕೊಡಬಲ್ಲದು.