ಕಥೆಗೊಂದು ಕಂಠ ಬೇಕು

ಉರ್ದು ಶಾಲೆಯಲ್ಲಿ ಏಳನೆಯ ತರಗತಿಯಲ್ಲಿದ್ದಾಗ ನಾವು ಊರಿನ ವಾಚನಾಲಯದಿಂದ ‘ತಿಲಿಸ್ಮ್-ಎ-ಹೋಶ್‌ರುಬಾ’ದ ಒಂದು ಸಂಪುಟವನ್ನು ಹೊತ್ತು ತಂದಿದ್ದೆವು. ಬೆನ್ನು ಹರಿದ ದಪ್ಪ ಪುಸ್ತಕ. ಮಾಂತ್ರಿಕರ ಲೋಕದ ಕಥೆ ಎಂದು ಯಾರೋ ಆಸೆ ಹುಟ್ಟಿಸಿದ್ದರು. ನಲವತ್ತು ಪುಟ ದಾಟುವಷ್ಟರಲ್ಲಿ ಸಾಕಾಯಿತು. ಒಬ್ಬ ಮಾಂತ್ರಿಕ ಬಂದ, ಮಂತ್ರ ಹಾಕಿದ, ಸತ್ತ. ಇನ್ನೊಬ್ಬ ಬಂದ, ಅವನೂ ಸತ್ತ. ಹೆಸರುಗಳು ಒಂದರೊಳಗೊಂದು ಕಲಸಿಹೋದವು. ಉದ್ಯಾನದ ವರ್ಣನೆ, ಉಡುಪಿನ ವರ್ಣನೆ, ಆಯುಧಗಳ ಪಟ್ಟಿ. ಮುಂದಿನ ಶುಕ್ರವಾರವೇ ಪುಸ್ತಕವನ್ನು ಹಿಂತಿರುಗಿಸಿದೆವು.

ಇಪ್ಪತ್ತೈದು ವರ್ಷಗಳು ಕಳೆದ ಮೇಲೆ, ರಾತ್ರಿ ಬಸ್ಸಿನಲ್ಲಿ ಕುಳಿತು, ಮೊಬೈಲಿನಲ್ಲಿ ಅದೇ ಹೋಶ್‌ರುಬಾದ ಒಂದು ಭಾಗವನ್ನು ಕೇಳಿದೆವು. ಹೇಳುತ್ತಿದ್ದಾತ ಉಡುಪಿನ ಪಟ್ಟಿಗೆ ಬಂದಾಗ ದನಿಯ ವೇಗ ಏರಿತು. ಪದಗಳು ನಗಾರಿಯ ಪೆಟ್ಟಿನಂತೆ ಬೀಳತೊಡಗಿದವು. ಮಾಂತ್ರಿಕ ಸಾಯುವ ಜಾಗದಲ್ಲಿ ಆತ ಒಂದು ಕ್ಷಣ ಸುಮ್ಮನಾದ. ಆ ಮೌನದಲ್ಲಿ ನಮ್ಮ ಉಸಿರೂ ನಿಂತಿತು. ಇಳಿಯಬೇಕಾದ ಊರು ಬಂದದ್ದು ಕಂಡಕ್ಟರ್ ಕೂಗಿದ ಮೇಲೆಯೇ ಗೊತ್ತಾದದ್ದು.

ಪುಸ್ತಕ ಅದೇ, ಓದುಗರೂ ನಾವೇ. ನಡುವೆ ಬಂದದ್ದು ಒಂದು ದನಿ. ಹಾಗಾದರೆ ಒಳ್ಳೆಯ ಕಂಠ ಕಥೆಯನ್ನು ಉತ್ತಮಗೊಳಿಸುತ್ತದೆಯೇ? ಅಥವಾ ಕಥೆಯಲ್ಲಿ ಮೊದಲೇ ಇದ್ದುದನ್ನು ಹೊರಗೆ ತರುತ್ತದೆಯೇ? ಈ ಪ್ರಶ್ನೆಗೆ ದಾಸ್ತಾನ್‌ನ ಇತಿಹಾಸದಲ್ಲಿ ಉತ್ತರವಿದೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಇತಿಹಾಸದ ಹಝ್ರತ್ ಹಂಝಾ (ರ) ಬೇರೆ, ದಾಸ್ತಾನಿನ ಅಮೀರ್ ಹಂಝಾ ಬೇರೆ. ಉಹುದ್‌ನಲ್ಲಿ ಹುತಾತ್ಮರಾದ ಪ್ರವಾದಿಯವರ (ಸ) ಚಿಕ್ಕಪ್ಪನ ಹೆಸರನ್ನು ಎರವಲು ಪಡೆದು ಕಥೆಗಾರರು ಕಟ್ಟಿದ್ದು ಶುದ್ಧ ಕಲ್ಪನೆಯ ಲೋಕ. ಅದರಲ್ಲಿ ಪರಿಗಳಿದ್ದಾರೆ, ದೇವ್‌ಗಳಿದ್ದಾರೆ, ಜಾದೂಗಾರರ ಚಕ್ರವರ್ತಿ ಅಫ್ರಾಸಿಯಾಬ್ ಇದ್ದಾನೆ. ಹಂಝಾನ ಗೆಳೆಯ, ವೇಷ ಬದಲಿಸುವುದರಲ್ಲಿ ನಿಸ್ಸೀಮನಾದ ಅಮರ್ ಅಯ್ಯಾರ್ ಇದ್ದಾನೆ. ಅಮರನ ಬಳಿ ಝಂಬೀಲ್ ಎಂಬ ಚೀಲ. ಲೋಕವನ್ನೇ ತುಂಬಿದರೂ ಅದು ತುಂಬುವುದಿಲ್ಲ. ಇಂದು ‘ಫ್ಯಾಂಟಸಿ’ ಎಂದು ಕರೆಯುವ ಎಲ್ಲವೂ ಇಲ್ಲಿದೆ.

ಪರ್ಷಿಯನ್ ಭಾಷೆಯಲ್ಲಿ ಬೆಳೆದ ಈ ಕಥೆ ಭಾರತಕ್ಕೆ ಬಂದು ಮೊಗಲರ ಆಸ್ಥಾನದಲ್ಲಿ ನೆಲೆಯೂರಿತು. ಅಕ್ಬರ್ ಯುವಕನಾಗಿದ್ದಾಗ, 1562ರ ಸುಮಾರಿಗೆ, ಹಂಝಾನಾಮಾದ ಚಿತ್ರ ಸಂಪುಟಗಳನ್ನು ಸಿದ್ಧಪಡಿಸುವ ಕೆಲಸ ಆರಂಭವಾಗಿ ಹದಿನೈದು ವರ್ಷ ನಡೆಯಿತು. ಬಟ್ಟೆಯ ಮೇಲೆ ಬಿಡಿಸಿದ ಸುಮಾರು 1,400 ಚಿತ್ರಗಳು, ಒಂದೊಂದೂ ಎರಡು ಅಡಿಗೂ ಎತ್ತರ. ಇಂದು ಉಳಿದಿರುವುದು ಇನ್ನೂರಕ್ಕಿಂತ ಕಡಿಮೆ. ಅವು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಚದುರಿಹೋಗಿವೆ. ಗಮನಿಸಬೇಕಾದದ್ದು ಹಾಳೆಯ ಹಿಂಬದಿ. ಕಥೆಯ ಪಠ್ಯ ಅಲ್ಲಿದೆ. ಚಿತ್ರವನ್ನು ಸಭೆಗೆ ತೋರಿಸುತ್ತ, ಹಿಂಬದಿಯಿಂದ ಒಬ್ಬಾತ ಗಟ್ಟಿಯಾಗಿ ಓದುತ್ತಿದ್ದಿರಬೇಕೆಂದು ಕಲಾ ಇತಿಹಾಸಕಾರರು ಊಹಿಸುತ್ತಾರೆ. ಅಂದರೆ ಇಷ್ಟು ವೆಚ್ಚದ ಗ್ರಂಥವೂ ಒಂದು ಕಂಠಕ್ಕಾಗಿ ಕಾಯುತ್ತಿತ್ತು. ಅಕ್ಬರನ ಆಸ್ಥಾನದಲ್ಲಿ ಆ ಕಂಠ ದರ್ಬಾರ್ ಖಾನ್ ಎಂಬ ಕಿಸ್ಸಾಖ್ವಾನನದು. ಅವನ ತಂದೆ ಇರಾನಿನ ಷಾ ತಹ್ಮಾಸ್ಪನಿಗೆ ಕಥೆ ಹೇಳುತ್ತಿದ್ದವನು.

ಜಹಾಂಗೀರನ ಕಾಲದ ಒಂದು ಪ್ರಸಂಗ ಇನ್ನೂ ಸ್ವಾರಸ್ಯಕರ. ಸಿಂಧ್‌ನ ಠಟ್ಟಾದಿಂದ ಮುಲ್ಲಾ ಅಸದ್ ಎಂಬ ಕಥೆಗಾರ ಬಂದ. ಅವನ ಕಥೆಗಳಿಗೆ ಮನಸೋತ ಬಾದಷಹ ‘ಮಹ್‌ಝೂಝ್ ಖಾನ್’ ಎಂಬ ಬಿರುದು ಕೊಟ್ಟು, ಆನೆ, ಕುದುರೆ, ಉಡುಗೊರೆ ಕೊಟ್ಟು, ಅದೂ ಸಾಲದೆ ಅವನನ್ನು ತಕ್ಕಡಿಯಲ್ಲಿ ಕೂರಿಸಿ ಬೆಳ್ಳಿ ರೂಪಾಯಿಗಳಿಂದ ತೂಗಿಸಿದ. ಮುಲ್ಲಾ ಅಸದ್ ತೂಗಿದ್ದು 4,400 ರೂಪಾಯಿ! ಇದು 1617ರ ಮಾತು, ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಅಸದ್ ಹೇಳಿದ ಕಥೆಗಳನ್ನು ರಚಿಸಿದವರು ಯಾರೋ, ಹಳಬರು. ಬಾದಷಹ ತೂಗಿಸಿದ್ದು ಕಥೆಯನ್ನಲ್ಲ, ಹೇಳುವ ದನಿಯನ್ನು.

ಈ ವಿದ್ಯೆಗೆ ಶಾಸ್ತ್ರವೂ ಇತ್ತು. ಕಝ್ವೀನ್‌ನಿಂದ ಭಾರತಕ್ಕೆ ಬಂದ ಅಬ್ದುನ್ನಬಿ ಫಖ್ರುಝ್ಝಮಾನಿ ಎಂಬ ಕಥೆಗಾರ 1630ರ ದಶಕದ ಆರಂಭದಲ್ಲಿ ‘ತಿರಾಝುಲ್ ಅಖ್‌ಬಾರ್’ ಎಂಬ ಕೈಪಿಡಿಯನ್ನೇ ಬರೆದ. ಯಾವ ಸನ್ನಿವೇಶಕ್ಕೆ ಎಂಥ ವರ್ಣನೆ ಹೊಂದುತ್ತದೆ, ಇರಾನಿನವರು ಹೇಗೆ ಹೇಳುತ್ತಾರೆ, ತೂರಾನಿನವರು ಹೇಗೆ, ಹಿಂದೂಸ್ತಾನದವರು ಹೇಗೆ ಎಂಬ ವಿವರಗಳು ಅದರಲ್ಲಿವೆ.

ನಮ್ಮ ದಖ್ಖನಿಗೂ ಇದರಲ್ಲಿ ಪಾಲಿದೆ. 1640ರ ದಶಕದಲ್ಲಿ ಬಿಜಾಪುರದ ಮುಹಮ್ಮದ್ ಆದಿಲ್ ಷಾನ ರಾಣಿ ಖದೀಜಾ ಸುಲ್ತಾನಾ ಅವರ ಇಚ್ಛೆಯಂತೆ ಕವಿ ರುಸ್ತಮಿ ‘ಖಾವರ್‌ನಾಮಾ’ವನ್ನು ಪರ್ಷಿಯನ್‌ನಿಂದ ದಖ್ನಿಗೆ ತಂದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ದ್ವಿಪದಿಗಳ ಆ ಕಾವ್ಯದಲ್ಲೂ ದೇವ್‌ಗಳಿದ್ದಾರೆ, ಮಾಯೆಯಿದೆ. ಅರಮನೆಯ ಪರ್ಷಿಯನ್ ಬಿಟ್ಟು, ಜನರ ಬಾಯಲ್ಲಿದ್ದ ದಖ್ನಿಯಲ್ಲಿ ಈ ಕಥೆ ಬೇಕೆಂದು ಒಬ್ಬ ಹೆಣ್ಣುಮಗಳು ಬಯಸಿದ್ದು ನಮಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ದಾಸ್ತಾನ್ ಅರಮನೆಯಿಂದ ಬೀದಿಗೆ ಇಳಿದಿತ್ತು. ಸರ್ ಸೈಯದ್ ಅಹ್ಮದ್ ಖಾನ್ 1847ರ ತಮ್ಮ ‘ಆಸಾರುಸ್ಸನಾದೀದ್’ ಗ್ರಂಥದಲ್ಲಿ ದಿಲ್ಲಿಯ ಜಾಮಾ ಮಸೀದಿಯ ಉತ್ತರದ ಮೆಟ್ಟಿಲುಗಳ ಚಿತ್ರ ಕೊಡುತ್ತಾರೆ. ಇಳಿಹೊತ್ತಿನಲ್ಲಿ ದಾಸ್ತಾನ್‌ಗೋ ತನ್ನ ಮೋಡಾ ಹಾಕಿ ಕುಳಿತುಕೊಳ್ಳುತ್ತಾನೆ, ಸುತ್ತ ಜನ ಜಮಾಯಿಸುತ್ತಾರೆ, ಹಂಝಾನ ಕಥೆ ಶುರುವಾಗುತ್ತದೆ. ಓದು ಬಾರದ ಕೂಲಿಯಾಳಿಗೂ ಅಲ್ಲಿ ಜಾಗವಿತ್ತು.

ಆತ ಮಾಡುತ್ತಿದ್ದುದೇನು? ದಾಸ್ತಾನಿಗೆ ನಾಲ್ಕು ಅಂಗಗಳನ್ನು ಹೇಳುತ್ತಾರೆ: ರಝ್ಮ್ ಎಂದರೆ ಯುದ್ಧ, ಬಝ್ಮ್ ಎಂದರೆ ವಿಲಾಸದ ಸಭೆ, ತಿಲಿಸ್ಮ್ ಎಂದರೆ ಮಾಯಾಲೋಕ, ಅಯ್ಯಾರಿ ಎಂದರೆ ಚಾತುರ್ಯದ ಮೋಸ. ನಾಲ್ಕಕ್ಕೂ ನಾಲ್ಕು ಬಗೆಯ ದನಿ ಬೇಕು. ಯುದ್ಧದಲ್ಲಿ ಪದಗಳು ಓಡಬೇಕು, ಬಝ್ಮ್‌ನಲ್ಲಿ ತೇಲಬೇಕು. ‘ದಾಸ್ತಾನ್ ರೋಕ್‌ನಾ’ ಎಂಬ ವಿದ್ಯೆಯಿತ್ತು. ಕಥೆಯನ್ನು ಒಂದೇ ಗಳಿಗೆಯಲ್ಲಿ ತಡೆದು ನಿಲ್ಲಿಸಿ, ವರ್ಣನೆಯ ಬಲದಿಂದಲೇ ಕೇಳುಗರನ್ನು ಹಿಡಿದಿಡುವುದು. ಬಾಲ್ಯದಲ್ಲಿ ನಮಗೆ ಬೇಸರ ತರಿಸಿದ ಆ ಪಟ್ಟಿಗಳೆಲ್ಲ ಕಣ್ಣಿಗಾಗಿ ಬರೆದವಲ್ಲ, ಕಿವಿಗಾಗಿ ಕಟ್ಟಿದವು.

ಅಯ್ಯಾರಿಯನ್ನೇ ನೋಡಿ. ಅಮರ್ ಒಬ್ಬ ಹೆಂಗಸಿನ ವೇಷದಲ್ಲಿ ಶತ್ರುವಿನ ಡೇರೆಗೆ ನುಗ್ಗುತ್ತಾನೆ. ಅಚ್ಚಿನ ಪುಟದಲ್ಲಾದರೆ ಲೇಖಕ ‘ಅವಳು ನಿಜಕ್ಕೂ ಅಮರ್’ ಎಂದು ಮೊದಲೇ ಹೇಳಿಬಿಡಬೇಕು, ಇಲ್ಲವೇ ಕೊನೆಯವರೆಗೆ ಮುಚ್ಚಿಡಬೇಕು. ಕಂಠಕ್ಕೆ ಮೂರನೆಯ ದಾರಿಯಿದೆ. ಹೆಣ್ಣುದನಿಯ ಅಡಿಯಲ್ಲಿ ಅಮರನ ತುಂಟತನದ ಒಂದು ಎಳೆಯನ್ನು ಉಳಿಸಿಕೊಂಡರೆ ಸಾಕು. ಶತ್ರುವಿಗೆ ಗೊತ್ತಾಗುವುದಿಲ್ಲ, ಕೇಳುಗನಿಗೆ ಗೊತ್ತಾಗುತ್ತದೆ. ಕೇಳುಗ ಕಳ್ಳತನದಲ್ಲಿ ಪಾಲುದಾರನಾಗುತ್ತಾನೆ. ಈ ಸುಖವನ್ನು ಯಾವ ಅಚ್ಚಿನ ಮೊಳೆಯೂ ಕೊಡಲಾರದು.

ಕನ್ನಡಿಗರಿಗೆ ಇದು ಹೊಸತಲ್ಲ. ಕುಮಾರವ್ಯಾಸನ ಭಾರತವನ್ನು ಗಮಕಿ ವಾಚಿಸಿ, ಪಕ್ಕದಲ್ಲಿ ಕುಳಿತವರು ವ್ಯಾಖ್ಯಾನಿಸುವುದನ್ನು ಕೇಳಿದವರಿಗೆ, ತಾಳಮದ್ದಲೆಯಲ್ಲಿ ವೇಷವಿಲ್ಲದೆ ಕುಳಿತ ಅರ್ಥಧಾರಿ ಮಾತಿನಿಂದಲೇ ಕುರುಕ್ಷೇತ್ರ ಕಟ್ಟುವುದನ್ನು ಕಂಡವರಿಗೆ ದಾಸ್ತಾನ್‌ಗೋ ದೂರದ ನೆಂಟನಲ್ಲ.

1883ರಲ್ಲಿ ಲಖನೌದ ನವಲ್ ಕಿಶೋರ್ ಮುದ್ರಣಾಲಯ ಹೋಶ್‌ರುಬಾದ ಮೊದಲ ಸಂಪುಟವನ್ನು ಹೊರತಂದಿತು. ಮುಹಮ್ಮದ್ ಹುಸೇನ್ ಜಾಹ್, ಅಹ್ಮದ್ ಹುಸೇನ್ ಕಮರ್ ಮುಂತಾದ ದಾಸ್ತಾನ್‌ಗೋಗಳೇ ಬರೆದರು. ಇಡೀ ಹಂಝಾ ದಾಸ್ತಾನ್ 46 ಸಂಪುಟಗಳಿಗೆ, 40 ಸಾವಿರಕ್ಕೂ ಹೆಚ್ಚು ಪುಟಗಳಿಗೆ ಬೆಳೆಯಿತು. ಒಬ್ಬ ಹಿಂದೂ ಪ್ರಕಾಶಕರ ಛಲದಿಂದ ಈ ಸಾಗರ ಬತ್ತದೆ ಉಳಿಯಿತು ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಕಾಗದಕ್ಕೆ ಇಳಿದದ್ದು ಮಾತು ಮಾತ್ರ, ದನಿ ಇಳಿಯಲಿಲ್ಲ. ಕಾದಂಬರಿಯ ಕಾಲ ಬಂತು. ವಾಸ್ತವತೆಯೇ ಮಾನದಂಡವಾಯಿತು. ಓದುಬಲ್ಲವರು ದಾಸ್ತಾನ್ ಮಕ್ಕಳಾಟ, ಬರೀ ಪುನರಾವರ್ತನೆ ಎಂದು ಮೂಗುಮುರಿದರು. ಏಳನೆಯ ತರಗತಿಯ ನಾವೂ ಅದನ್ನೇ ಹೇಳಿದ್ದೆವು! ದಾಸ್ತಾನ್ ಬಾಯಿಂದ ಹೇಳುವ ಕಲೆ, ಅದನ್ನು ಕಾದಂಬರಿಯ ಅಳತೆಗೋಲಿನಿಂದ ಅಳೆಯುವುದೇ ತಪ್ಪು ಎಂದು ವಿಸ್ತಾರವಾಗಿ ವಾದಿಸಿ ತೋರಿಸಲು ಶಂಸುರ್ರಹ್ಮಾನ್ ಫಾರೂಕಿ (1935–2020) ಬರಬೇಕಾಯಿತು.

ಅಷ್ಟರಲ್ಲಿ ದಿಲ್ಲಿಯ ಕೊನೆಯ ದಾಸ್ತಾನ್‌ಗೋ ಮೀರ್ ಬಾಕರ್ ಅಲಿ ತೀರಿಹೋಗಿದ್ದರು. ಆ ಬಡಕಲು ಮನುಷ್ಯ ಕಥೆ ಹೇಳಲು ಕುಳಿತರೆ ಬಾದಷಹನ ಪ್ರಸಂಗದಲ್ಲಿ ಬಾದಷಹನಂತೆಯೇ, ಮುದುಕಿಯ ಪ್ರಸಂಗದಲ್ಲಿ ಮುದುಕಿಯಂತೆಯೇ ಕಾಣುತ್ತಿದ್ದರೆಂದು ಕಂಡವರು ಬರೆದಿದ್ದಾರೆ. ಕೊನೆಗಾಲದಲ್ಲಿ ಕೇಳುವವರಿಲ್ಲದೆ ದಿಲ್ಲಿಯ ಗಲ್ಲಿಗಳಲ್ಲಿ ಕತ್ತರಿಸಿದ ಅಡಿಕೆ ಮಾರಿ ಬದುಕಿದರು. 1928ರಲ್ಲಿ ನಿಧನರಾದರು. ಮುಲ್ಲಾ ಅಸದನನ್ನು ಬೆಳ್ಳಿಯಿಂದ ತೂಗಿದ ನಾಡಿನಲ್ಲಿ ಮೀರ್ ಬಾಕರ್ ಅಲಿ ಅಡಿಕೆ ತೂಗಿದರು. 1920ರಲ್ಲಿ ಭಾಷಾ ಸರ್ವೇಕ್ಷಣೆಗಾಗಿ ಧ್ವನಿಮುದ್ರಿಸಿಕೊಂಡ ಕೆಲವೇ ನಿಮಿಷಗಳ ಅವರ ದನಿ ಮಾತ್ರ ಇಂದಿಗೂ ಉಳಿದಿದೆ.

ಆ ಯಂತ್ರವೇ ಮುಂದೆ ಕಥೆಗೆ ಕಂಠವನ್ನು ಮರಳಿ ಕೊಟ್ಟಿತು ಎಂಬುದು ಕಾಲದ ವಿಚಿತ್ರ. ಅಮೆರಿಕದಲ್ಲಿ 1934ರಲ್ಲಿ, ಬ್ರಿಟನ್ನಿನಲ್ಲಿ 1935ರಲ್ಲಿ ದೃಷ್ಟಿಹೀನರಿಗಾಗಿ ಮಾತನಾಡುವ ಪುಸ್ತಕಗಳು ಬಂದವು. 1952ರಲ್ಲಿ, ‘ಲಾರ್ಡ್ ಆಫ್ ದಿ ರಿಂಗ್ಸ್’ ಇನ್ನೂ ಪ್ರಕಾಶಕರು ಸಿಗದೆ ಹಸ್ತಪ್ರತಿಯಾಗಿಯೇ ಇದ್ದಾಗ, ಟೋಲ್ಕಿನ್ ಗೆಳೆಯರ ಮನೆಯಲ್ಲಿ ಟೇಪ್ ರೆಕಾರ್ಡರಿನ ಮುಂದೆ ಅದರ ಭಾಗಗಳನ್ನು ಓದಿದರು. ತಮ್ಮ ಬರಹವನ್ನು ತಮ್ಮದೇ ದನಿಯಲ್ಲಿ ಕೇಳಿದಾಗ ಕೃತಿಯ ಮೇಲಿನ ನಂಬಿಕೆ ಅವರಿಗೆ ಮರಳಿತೆಂದು ಆ ಗೆಳೆಯರು ನೆನೆದಿದ್ದಾರೆ. 1990ರಲ್ಲಿ ರಾಬ್ ಇಂಗ್ಲಿಸ್ ಎಂಬ ನಟ ಆ ಕಾದಂಬರಿಯನ್ನು ಪೂರ್ತಿಯಾಗಿ ಓದಿ ಧ್ವನಿಮುದ್ರಿಸಿದರು. ಅದರೊಳಗಿನ ಹಾಡುಗಳನ್ನು ಹಾಡಿಯೇ ಬಿಟ್ಟರು. ಪುಸ್ತಕ ಓದುವ ಅವಸರದಲ್ಲಿ ನಾವು ಹಾರಿಸಿಬಿಡುವ ಪದ್ಯಗಳು ಹೀಗೆ ಪದ್ಯಗಳಾದವು. ಜಾಮಾ ಮಸೀದಿಯ ಮೆಟ್ಟಿಲಿನವನು ಮಾಡುತ್ತಿದ್ದುದೂ ಇದನ್ನೇ.

ಕಂಠ ಕೆಡಿಸಲೂಬಹುದು. ಪ್ರತಿ ಪಾತ್ರಕ್ಕೂ ಅತಿಯಾಗಿ ನಟಿಸುವ ನಿರೂಪಕ ಕೇಳುಗನ ಕಲ್ಪನೆಗೆ ಜಾಗವನ್ನೇ ಬಿಡುವುದಿಲ್ಲ. ನಿದ್ದೆಗಣ್ಣಿನಲ್ಲಿ ಓದುವವನು ಒಳ್ಳೆಯ ಕಾದಂಬರಿಯನ್ನೂ ಕೊಲ್ಲುತ್ತಾನೆ. ಜೊಳ್ಳು ಕಥೆಯನ್ನು ಯಾವ ದನಿಯೂ ಕಾಳಾಗಿಸದು. ಒಳ್ಳೆಯ ಕಂಠ ಕಥೆಗೆ ಹೊರಗಿನಿಂದ ಏನನ್ನೂ ಅಂಟಿಸುವುದಿಲ್ಲ. ಬೀಜಕ್ಕೆ ನೀರು ಮಾಡುವ ಕೆಲಸವನ್ನು ಅದು ಮಾಡುತ್ತದೆ.

2005ರಲ್ಲಿ ಮಹಮೂದ್ ಫಾರೂಕಿ ದಿಲ್ಲಿಯಲ್ಲಿ ದಾಸ್ತಾನ್‌ಗೋಯಿಯನ್ನು ಮತ್ತೆ ವೇದಿಕೆಗೆ ತಂದರು. ಬಿಳಿಯ ಉಡುಪಿನ ಇಬ್ಬರು, ಒಂದು ಗಾದಿ, ಎರಡು ಮೋಂಬತ್ತಿ. ಉರ್ದು ಲಿಪಿ ಬಾರದ ಯುವಕರು ಕುಳಿತು ಕೇಳಿದರು. ನಮ್ಮ ಮನೆಯ ಸ್ಥಿತಿಯೂ ಅದೇ. ಅಮ್ಮಿಗೆ ಓದು ಬರುತ್ತದೆ, ಕಣ್ಣು ಕೈಕೊಟ್ಟಿದೆ. ಮಗಳ ಕಣ್ಣು ಚುರುಕು, ಆದರೆ ಅವಳು ಕನ್ನಡ ಮಾಧ್ಯಮದವಳು, ಉರ್ದು ಅಕ್ಷರ ಗೊತ್ತಿಲ್ಲ. ನಲವತ್ತು ಸಾವಿರ ಪುಟಗಳ ಆ ಸಂಪತ್ತು ಇಬ್ಬರಿಗೂ ಮುಚ್ಚಿದ ಬಾಗಿಲು.

ಕಳೆದ ರಮಝಾನಿನ ಒಂದು ರಾತ್ರಿ ತರಾವೀಹ್ ಮುಗಿಸಿ ಬಂದಾಗ ಅಜ್ಜಿ ಮೊಮ್ಮಗಳು ಮೊಬೈಲನ್ನು ದಿಂಬಿನ ಮೇಲಿಟ್ಟುಕೊಂಡು ಕೇಳುತ್ತಿದ್ದರು. ಅಮರ್ ಯಾರದೋ ವೇಷದಲ್ಲಿ ಡೇರೆಯೊಳಗೆ ನುಗ್ಗುತ್ತಿದ್ದ. ‘ದಾದಿ, ಇವಳು ಅಮರ್ ಅಲ್ವಾ?’ ಎಂದಳು ಮಗಳು. ಅಮ್ಮಿ ತುಟಿಯ ಮೇಲೆ ಬೆರಳಿಟ್ಟರು: ‘ಚುಪ್! ಅವರಿಗೆ ಗೊತ್ತಾಗಿಬಿಡುತ್ತೆ.’

ನಾವು ಬಾಗಿಲಲ್ಲೇ ನಿಂತು ಕೇಳಿದೆವು.