ಮೈಸೂರಿನಲ್ಲಿ ತತ್ವಶಾಸ್ತ್ರದ ಪಾಠ

ಕಾಲೇಜಿನ ಪಠ್ಯಪಟ್ಟಿಗೆ ಸೇರುವ ಎಷ್ಟೋ ಮೊದಲೇ ಮೈಸೂರಿನಲ್ಲಿ ತತ್ವಶಾಸ್ತ್ರದ ವ್ಯಾಸಂಗವಿತ್ತು. ಅರಮನೆಯ ಆಶ್ರಯದ ವಿದ್ವಾಂಸರು, ಮಠಗಳು, ಸಂಸ್ಕೃತ ಪಾಠಶಾಲೆ ಇವೆಲ್ಲ ತರ್ಕ, ಮೀಮಾಂಸೆ, ವೇದಾಂತಗಳ ನೆಲೆಗಳಾಗಿದ್ದವು. ಇದನ್ನು ಓದಿ ಏನು ಫಲ ಎಂದು ಕೇಳುವುದು ಅಲ್ಲಿ ಅಧಿಕಪ್ರಸಂಗವಾಗಿರಲಿಲ್ಲ. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲು ಗೊತ್ತುಮಾಡಿಕೊಂಡೇ ಶಾಸ್ತ್ರಗ್ರಂಥಕ್ಕೆ ಕೈಹಾಕಬೇಕಿತ್ತು. ಪ್ರಯೋಜನ ತಿಳಿಯದೆ ಯಾರೂ ಪ್ರವರ್ತಿಸುವುದಿಲ್ಲ ಎಂಬುದು ಪಂಡಿತರ ಮಾತು.

ಕಾಲೇಜು ಬಂದ ಮೇಲೆ ಆ ಪ್ರಶ್ನೆಯ ಅರ್ಥವೇ ಬೇರೆಯಾಯಿತು. ಪದವಿಯೆಂದರೆ ಸರ್ಕಾರಿ ನೌಕರಿ ಇಲ್ಲವೇ ವಕೀಲಿಯ ದಾರಿ, ಪಾಠವೆಲ್ಲ ಇಂಗ್ಲಿಷಿನಲ್ಲಿ. ಮಹಾರಾಜ ಕಾಲೇಜು ಮೊದಲು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. 1916ರ ಜುಲೈಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿಗೇ ವಿಶ್ವವಿದ್ಯಾನಿಲಯ ಸ್ಥಾಪಿಸಿದಾಗ, ಏನನ್ನು ಕಲಿಸಬೇಕು, ಯಾರಿಂದ ಕಲಿಸಬೇಕು ಎಂಬುದು ಸಂಸ್ಥಾನದ ಕೈಗೆ ಬಂತು. ತತ್ವಶಾಸ್ತ್ರದ ಮಟ್ಟಿಗೆ ಆ ಆಯ್ಕೆ ಭಾಗ್ಯವೆನ್ನುವಂತೆಯೇ ಆಯಿತು. 1917ರಲ್ಲಿ ಎ.ಆರ್. ವಾಡಿಯಾ ಬಂದರು, 1918ರಲ್ಲಿ ಎಸ್. ರಾಧಾಕೃಷ್ಣನ್. ರವೀಂದ್ರನಾಥ ಠಾಕೂರರ ದರ್ಶನವನ್ನು ಕುರಿತ ರಾಧಾಕೃಷ್ಣನ್ನರ ಪುಸ್ತಕ ಅದೇ ವರ್ಷ ಹೊರಬಂತು. 1921ರಲ್ಲಿ ಅವರು ಕಲ್ಕತ್ತಾ ವಿಶ್ವವಿದ್ಯಾನಿಲಯದ ಐದನೇ ಜಾರ್ಜ್ ಪೀಠಕ್ಕೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟಿನ ಕುದುರೆಗಳನ್ನು ಬಿಚ್ಚಿ, ರೈಲು ನಿಲ್ದಾಣದವರೆಗೆ ತಾವೇ ಎಳೆದುಕೊಂಡು ಹೋದರು. ಕಲ್ಕತ್ತಾದ ಅದೇ ಪೀಠದಲ್ಲಿದ್ದ ಬ್ರಜೇಂದ್ರನಾಥ ಶೀಲರು ಅದೇ ಸುಮಾರಿಗೆ ಮೈಸೂರಿಗೆ ಕುಲಪತಿಗಳಾಗಿ ಬಂದು 1930ರವರೆಗೆ ಇದ್ದರು. ತತ್ವಶಾಸ್ತ್ರದ ಪ್ರಾಧ್ಯಾಪಕರೊಬ್ಬರಿಗೆ ವಿಶ್ವವಿದ್ಯಾನಿಲಯದ ಆಡಳಿತವನ್ನೇ ಒಪ್ಪಿಸುವಷ್ಟು ನಂಬಿಕೆ ಸಂಸ್ಥಾನಕ್ಕೆ ಆ ಶಾಸ್ತ್ರದ ಮೇಲಿತ್ತು.

ಆದರೆ ಪ್ರಯೋಜನದ ಪ್ರಶ್ನೆಗೆ ಎಲ್ಲರಿಗಿಂತ ಗಟ್ಟಿಯಾದ ಉತ್ತರ ಕೊಟ್ಟವರು ತತ್ವಶಾಸ್ತ್ರ ವಿಭಾಗದವರಲ್ಲ, ಸಂಸ್ಕೃತದ ಪ್ರಾಧ್ಯಾಪಕ ಎಂ. ಹಿರಿಯಣ್ಣ. ಮಿತಭಾಷಿ, ಒಂದು ಪದ ಹೆಚ್ಚಾಗಿ ಬರೆದವರಲ್ಲ. 1927ರಲ್ಲಿ ನಿವೃತ್ತರಾದ ಅವರು, ಮೈಸೂರಿನಲ್ಲಿ ವರ್ಷಾನುಗಟ್ಟಲೆ ಮಾಡಿದ ಪಾಠಗಳನ್ನೇ ಆಧರಿಸಿ ಭಾರತೀಯ ದರ್ಶನಗಳ ರೂಪರೇಖೆಯನ್ನು ಇಂಗ್ಲಿಷಿನಲ್ಲಿ ಬರೆದರು. 1932ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆ ಗ್ರಂಥ ಇಂದಿಗೂ ಪಠ್ಯವಾಗಿ ಬಳಕೆಯಲ್ಲಿದೆ. ಪಶ್ಚಿಮದಲ್ಲಿ ತತ್ವಚಿಂತನೆ ಕುತೂಹಲದಿಂದ ಹುಟ್ಟಿದಂತೆ ತೋರುತ್ತದೆ. ಭಾರತದಲ್ಲಿ ಅದು ಬಾಳಿನ ಕೇಡು, ನೋವುಗಳ ಒತ್ತಡದಿಂದ ಹುಟ್ಟಿತು ಎಂಬುದು ಅದರ ಪೀಠಿಕೆಯ ಮುಖ್ಯ ವಾದ. ಹಾಗಾಗಿ ಇಲ್ಲಿ ದರ್ಶನವೆಂದರೆ ಅರಿತು ಸುಮ್ಮನಾಗುವುದಲ್ಲ, ಅರಿವಿಗೆ ತಕ್ಕಂತೆ ಬದುಕನ್ನು ತಿದ್ದಿಕೊಳ್ಳುವುದು. ಗ್ರಂಥದ ಪ್ರಯೋಜನವನ್ನು ಮೊದಲೇ ಹೇಳಬೇಕೆಂಬ ಪಂಡಿತರ ನಿಯಮವೇ ಇಲ್ಲಿ ಹೊಸ ಕಾಲೇಜಿನ ಭಾಷೆಯಲ್ಲಿ ಮರಳಿ ಬಂದಿದೆ. ಹಳೆಯ ಪಾಠಶಾಲೆಗೂ ಹೊಸ ತರಗತಿಗೂ ನಡುವೆ ಇಷ್ಟು ಭದ್ರವಾದ ಸೇತುವೆಯನ್ನು ಮೈಸೂರಿನಲ್ಲಿ ಬೇರೆ ಯಾರೂ ಕಟ್ಟಲಿಲ್ಲ.

ನೋವಿನಿಂದ ತತ್ವಶಾಸ್ತ್ರಕ್ಕೆ ಬಂದವರು ಪುಸ್ತಕದ ಹೊರಗೂ ಇದ್ದರು. ಪ್ಲೇಗಿನ ಸಾವುಗಳನ್ನು ಮನೆಯೊಳಗೇ ಕಂಡು, ಎಳೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡು ಬೆಳೆದ ಎಸ್.ಎಲ್. ಭೈರಪ್ಪ ಮೈಸೂರಿಗೆ ಓದಲು ಬಂದಾಗ, ಸಾವು ಎಂದರೇನು ಎಂಬ ಪ್ರಶ್ನೆ ಜೊತೆಗೇ ಬಂದಿತ್ತು. ಅದನ್ನು ಅವರು ಪ್ರಾಧ್ಯಾಪಕ ಯಾಮುನಾಚಾರ್ಯರ ಮುಂದಿಟ್ಟರು. ಗುರುಗಳು ಉತ್ತರವನ್ನು ಹೇಳಿಬಿಡಲಿಲ್ಲ; ತತ್ವಶಾಸ್ತ್ರ ಓದುವಂತೆ ಸೂಚಿಸಿದರು. ಈ ಪ್ರಸಂಗ ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯ ಓದುಗರಿಗೆ ಪರಿಚಿತ. ನೌಕರಿಯ ಲೆಕ್ಕದಲ್ಲಿ ನೋಡಿದರೆ ಬಡ ಹುಡುಗನಿಗೆ ಅದು ಜಾಣ ಆಯ್ಕೆಯಲ್ಲ. ಅವರು ಚಿನ್ನದ ಪದಕದೊಡನೆ ಎಂ.ಎ. ಮುಗಿಸಿದರು, ಬರೋಡದಲ್ಲಿ ಸತ್ಯ ಮತ್ತು ಸೌಂದರ್ಯಗಳ ಸಂಬಂಧವನ್ನು ಕುರಿತು ಡಾಕ್ಟರೇಟ್ ಪಡೆದರು, ಹುಬ್ಬಳ್ಳಿ, ಗುಜರಾತ್, ದೆಹಲಿ, ಮೈಸೂರುಗಳಲ್ಲಿ ಅಧ್ಯಾಪಕರಾಗಿದ್ದು 1991ರಲ್ಲಿ ನಿವೃತ್ತರಾದರು.

ಆ ಓದು ಕನ್ನಡಕ್ಕೆ ಇಳಿದದ್ದು ಪಠ್ಯಪುಸ್ತಕವಾಗಿ ಅಲ್ಲ, ಕಾದಂಬರಿಯಾಗಿ. 1965ರ ‘ವಂಶವೃಕ್ಷ’ದಲ್ಲಿ ಧರ್ಮ ಯಾವುದು ಎಂಬ ವಿಚಾರ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮನೆಗೆ, ಮರುಮದುವೆಯಾಗಲು ಹೊರಟ ಸೊಸೆ ಕಾತ್ಯಾಯನಿಯ ಬದುಕಿಗೆ ಬಂದು ನಿಂತಿತು. ತತ್ವಶಾಸ್ತ್ರದ ತರಗತಿಯ ಬಾಗಿಲು ನೋಡದ ಸಾವಿರಾರು ಓದುಗರು ಶ್ರೋತ್ರಿಗಳು ಸರಿಯೋ ಕಾತ್ಯಾಯನಿ ಸರಿಯೋ ಎಂದು ಮನೆಮನೆಗಳಲ್ಲಿ ವಾದಿಸಿದರು.